ಮೇಣಪ್ಪನ ರೌಡಿತನ ಮತ್ತು ಪುಟ್ಟಕ್ಕನ ಹಲ್ಲು

ಮನುಷ್ಯನು ರೌಡಿಯಾಗುವುದಕ್ಕೆ ಎರಡು ದಾರಿಗಳಿವೆಯೆಂದು ಬಲ್ಲವರು ಹೇಳುತ್ತಾರೆ. ಒಂದು ಹುಟ್ಟುಗುಣ, ಇನ್ನೊಂದು ಸಹವಾಸದೋಷ. ಮೇಣಪ್ಪ ಇವೆರಡರ ಗೋಜಿಗೂ ಹೋಗದೆ, ಫೋನಿನಲ್ಲಿ "ಹೂಂ" ಎಂದು ರೌಡಿಯಾದ.

ಮೇಣಪ್ಪ ಎಂಬುದು ಲ್ಯಾಬಿನವರು ಇಟ್ಟ ಹೆಸರು. ಹಲ್ಲಿನ ವೈದ್ಯರು ಕಳಿಸಿಕೊಡುವ ಅಚ್ಚುಗಳನ್ನು ನೋಡಿಕೊಂಡು ಕಟ್ಟುಹಲ್ಲು ತಯಾರಿಸುವ ಲ್ಯಾಬು ಅದು. ಒಸಡಿನ ಆಕಾರವನ್ನು ಮೊದಲು ಮೇಣದಲ್ಲಿ ತಿದ್ದಿ, ಅದರೊಳಗೆ ಹಲ್ಲುಗಳನ್ನು ಸಾಲಾಗಿ ನಿಲ್ಲಿಸುವುದು ಅವನ ಕೆಲಸ. ಮೇಣ ಮೆತ್ತಗಿರುವಷ್ಟು ಹೊತ್ತು ಕೈ ತೆಗೆಯುವಂತಿಲ್ಲ, ತಲೆ ಎತ್ತುವಂತಿಲ್ಲ, ಇನ್ನೊಬ್ಬರ ಮಾತಿಗೆ ಕಿವಿಗೊಡುವಂತಿಲ್ಲ. ಆ ಹೊತ್ತಿನಲ್ಲಿ ಯಾರು ಏನು ಕೇಳಿದರೂ ಅತಿ ಕಡಿಮೆ ಶ್ರಮದ ಉತ್ತರ "ಹೂಂ" ಎಂಬುದೇ ಎಂದು ಮೇಣಪ್ಪ ಅನುಭವದಿಂದ ಕಂಡುಕೊಂಡಿದ್ದ. ಹೀಗೆ ಹೂಂ ಎಂದೇ ಅವನು ರಜೆಯ ದಿನಗಳಲ್ಲಿ ದುಡಿಯಲು ಒಪ್ಪಿದ್ದ, ಮಾವನ ಮನೆಯ ಬಾಗಿಲು ಮುಚ್ಚದ ಬೀರುವನ್ನು ತಂದಿಟ್ಟುಕೊಂಡಿದ್ದ, ನೀರೆತ್ತುವ ಪಂಪುಗಳ ಬಗೆಗಿನ ಒಂದು ಮಾಸಪತ್ರಿಕೆಗೆ ಚಂದಾದಾರನೂ ಆಗಿದ್ದ. ಮದುವೆಗೂ ಹೀಗೆಯೇ ಒಪ್ಪಿರಬೇಕೆಂದು ಅವನ ಹೆಂಡತಿಗೆ ಅನುಮಾನ. ಅದೊಂದು ಸಲ ಮಾತ್ರ ಮೇಣವನ್ನು ಕೆಳಗಿಟ್ಟೇ ಹೂಂ ಎಂದಿದ್ದೆನೆಂದು ಅವನ ವಾದ.

ಹೆಂಡತಿ ಬಸ್ ನಿಲ್ದಾಣದಲ್ಲಿ ವಿಚಾರಣೆಯ ಕಿಟಕಿಯ ಹಿಂದೆ ಕೂರುವವಳು. ದಿನವಿಡೀ ಜನರಿಗೆ "ಇಲ್ಲ", "ಹೋಯ್ತು", "ಇನ್ನೂ ಬಂದಿಲ್ಲ" ಎನ್ನುವುದೇ ಅವಳ ಉದ್ಯೋಗ. ಆದ್ದರಿಂದ ಆ ಮನೆಯಲ್ಲಿ ಹೂಂಗೂ ಇಲ್ಲಕ್ಕೂ ಲೆಕ್ಕ ಸರಿಹೋಗುತ್ತಿತ್ತು.

ಒಂದು ಮಧ್ಯಾಹ್ನ, ಮೇಣ ಹದವಾಗಿದ್ದ ಹೊತ್ತಿಗೆ ಸರಿಯಾಗಿ ಅಕ್ಕ ಫೋನ್ ಮಾಡಿದಳು.

"ಲೋ, ನನ್ನ ಮೊಣಕಾಲು ಆಪರೇಷನ್ ಆಯ್ತಲ್ಲ, ಇನ್ಮೇಲೆ ಮಗಳ ಮನೇಲೇ ಇರ್ತೀನಿ ಕಣೋ. ಅಳಿಯಂಗೆ ನಾಯಿ ಕೂದಲು ಅಂದ್ರೆ ಸೀನು. ಪುಟ್ಟಕ್ಕನ್ನ ನೀನು ಇಟ್ಕೋತೀಯ ತಾನೆ?"

"ಹೂಂ."

"ಅವಳು ಯಾವ ಜಾತಿ ನಾಯಿ ಅಂತ ಗೊತ್ತಲ್ಲ?"

"ಹೂಂ."

"ನಿನ್ನ ಹೆಂಡ್ತಿನ ಒಂದು ಮಾತು ಕೇಳಿದ್ಯಾ?"

"ಹೂಂ" ಎಂದ ಮೇಣಪ್ಪ. ಮೂರರಲ್ಲಿ ಈ ಕೊನೆಯದೇ ಹೆಚ್ಚು ಅಪಾಯಕಾರಿಯಾಗಿತ್ತು.

ಅಕ್ಕನ ಮನೆಯ ಗೋಡೆಯ ಮೇಲಿನ ಒಂದು ಹಳೆಯ ಫೋಟೋದಲ್ಲಿ ಕೈಚೀಲದೊಳಗೆ ಹಿಡಿಸುವಂಥ ಬಿಳಿಯ ನಾಯಿಯೊಂದಿತ್ತು. ಮೇಣಪ್ಪನ ನೆನಪಿನಲ್ಲಿದ್ದ ಪುಟ್ಟಕ್ಕ ಅದೇ. ಆ ಬಿಳಿಯ ನಾಯಿ ತೀರಿಕೊಂಡು ಬಹಳ ಕಾಲವಾಗಿ, ಹೆಸರು ಮಾತ್ರ ಹೊಸ ನಾಯಿಗೆ ಉಳಿದಿತ್ತು. ಮರುದಿನ ವ್ಯಾನಿನಿಂದ ಇಳಿದದ್ದು ಬೇರೆಯೇ ಒಂದು ವಸ್ತು: ಅಡಿಗಲ್ಲಿನಂಥ ತಲೆ, ಪೀಪಾಯಿಯಂಥ ಎದೆ, ಎರಡು ಕಿವಿಗಳ ನಡುವೆ ಊಟದ ತಟ್ಟೆ ಇಡಬಹುದಾದಷ್ಟು ಅಂತರ. ಬೂದುಬಣ್ಣದ ಪಿಟ್ ಬುಲ್, ಕಚ್ಚುವುದಕ್ಕೇ ಹೆಸರಾದ ಜಾತಿ.

ಹೆಂಡತಿ ಬಾಗಿಲಲ್ಲಿ ನಿಂತು ಮೇಲಿಂದ ಕೆಳಗೆ ನೋಡಿದಳು. "ಇದು ಪುಟ್ಟಕ್ಕನಾ? ಹಂಗಾದ್ರೆ ಇದರ ದೊಡ್ಡಕ್ಕ ಹೆಂಗಿರಬಹುದು?"

"ಅಕ್ಕ ಕೇಳಿದ್ಲು, ನಾನು..."

"ಹೂಂ ಅಂದ್ರಿ."

"ಹೂಂ."

ಹೆಂಡತಿ ಇಲ್ಲ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಪುಟ್ಟಕ್ಕ ನಿಧಾನವಾಗಿ ನಡೆದು ಬಂದು, ತನ್ನ ಅಡಿಗಲ್ಲನ್ನು ಅವಳ ಪಾದಗಳ ಮೇಲಿಟ್ಟು, ಊರೆಲ್ಲ ತಿರುಗಿ ಮನೆ ಸೇರಿದವರಂತೆ ನಿಟ್ಟುಸಿರು ಬಿಟ್ಟಳು. ವಿಚಾರಣೆಯ ಕಿಟಕಿಗೆ ಬರುವವರು ಯಾರೂ ಹೀಗೆ ಮಾಡಿದ್ದಿಲ್ಲ. ಬಾಯಿ ತೆರೆದೇ ಇತ್ತು, ಇಲ್ಲ ಮಾತ್ರ ಹೊರಬರಲಿಲ್ಲ.

ಪುಟ್ಟಕ್ಕನ ಗುಣಸ್ವಭಾವಗಳು ಬೇಗನೆ ತಿಳಿದುಬಂದವು. ಬಟ್ಟೆ ಒಗೆಯುವ ಯಂತ್ರ ಗಿರಗಿರನೆ ತಿರುಗಿದರೆ ಅವಳು ಬಚ್ಚಲಿಗೆ ಓಡುತ್ತಿದ್ದಳು. ತನ್ನದೇ ಬಿಕ್ಕಳಿಕೆಗೆ ಬೆಚ್ಚಿ ಹಿಂದೆ ತಿರುಗಿ ನೋಡುತ್ತಿದ್ದಳು. ಪರಿಚಯದವರಾಗಲಿ ಅಪರಿಚಿತರಾಗಲಿ, ನಿಂತ ಮನುಷ್ಯನ ಪಾದ ಕಂಡರೆ ಅದರ ಮೇಲೆ ತಲೆಯಿಡುವುದೇ ಅವಳ ಜೀವನದ ಗುರಿಯಾಗಿತ್ತು. ಆದರೆ ಆ ಕಟ್ಟಡದ ನಿವಾಸಿಗಳು ಇದನ್ನು ತಿಳಿಯುವಷ್ಟು ಹತ್ತಿರ ಬರಲಿಲ್ಲ. ಅವರು ತಲೆಯ ಆಕಾರವನ್ನು ನೋಡಿದರು, ಉಳಿದದ್ದನ್ನು ಊಹಿಸಿಕೊಂಡರು.

ಈ ಊಹೆಯ ಮೊದಲ ಫಲ ಮೇಣಪ್ಪನಿಗೆ ಸಿಹಿಯಾಗಿಯೇ ಇತ್ತು. ಅದುವರೆಗೆ ಆ ಕಟ್ಟಡದಲ್ಲಿ ಅವನೊಬ್ಬ ಗಾಳಿಯಂತಿದ್ದ. ಲಿಫ್ಟಿನೊಳಗಿನವರು ಅವನ ಮುಖ ನೋಡುತ್ತಲೇ ಬಾಗಿಲು ಮುಚ್ಚುವ ಗುಂಡಿ ಒತ್ತುತ್ತಿದ್ದರು. ನಿವಾಸಿಗಳ ಸಂಘದ ಕಾರ್ಯದರ್ಶಿಯಂತೂ ಮೇಣಪ್ಪನ ಸೈಕಲ್ಲಿನ ಜಾಗದಲ್ಲಿ ತಮ್ಮ ಸ್ಕೂಟರ್ ನಿಲ್ಲಿಸಿ, "ಸೈಕಲ್ ಅಡ್ಡ ಇಡಬೇಡಯ್ಯಾ" ಎಂದು ಅವನಿಗೇ ಬೈಯುತ್ತಿದ್ದರು. ಈಗ ಪುಟ್ಟಕ್ಕನ ಹಗ್ಗ ಹಿಡಿದು ಅವನು ಬಂದರೆ ಲಿಫ್ಟ್ ಖಾಲಿಯಾಗುತ್ತಿತ್ತು. ಇನ್ನೂ ಮೇಲೆ ಹೋಗಬೇಕಾದವರೂ "ನಮ್ಮ ಮಹಡಿ ಬಂತು" ಎಂದು ನೆಲಮಹಡಿಯಲ್ಲೇ ಇಳಿಯುತ್ತಿದ್ದರು. ಕಾರ್ಯದರ್ಶಿ ಸ್ಕೂಟರನ್ನು ತಾವೇ ತಳ್ಳಿ ಬದಿಗಿಟ್ಟು, "ನೀವು ಇಲ್ಲೇ ನಿಲ್ಲಿಸಿ, ಸ್ವಾಮಿ" ಎಂದರು.

ಸ್ವಾಮಿ! ಮೇಣಪ್ಪ ಆ ಶಬ್ದವನ್ನು ಮನೆಯವರೆಗೆ ಎತ್ತಿಕೊಂಡು ಹೋದ.

ಎರಡನೆಯ ಫಲ ಮೆಟ್ಟಿಲ ಮೇಲೆ ಕಾದಿತ್ತು. ಆ ದಿನ ಲಿಫ್ಟ್ ಕೆಟ್ಟಿತ್ತು. ಮನೆಯಲ್ಲಿ ಕುಳಿತು ಉಜ್ಜಿ ಹೊಳಪು ಕೊಡಲೆಂದು ಮೇಣಪ್ಪ ಡಬ್ಬಿಯ ತುಂಬ ಕಟ್ಟುಹಲ್ಲುಗಳನ್ನೂ ಬಿಡಿಹಲ್ಲುಗಳನ್ನೂ ತಂದಿದ್ದ. ಗೇಟಿನ ಬಳಿ ಹೆಂಡತಿಯ ಕೈಯಿಂದ ಪುಟ್ಟಕ್ಕನ ಹಗ್ಗ ತೆಗೆದುಕೊಂಡು ಮೂರನೇ ಮಹಡಿಯವರೆಗೆ ಏರಿದ್ದಷ್ಟೆ, ಅಲ್ಲಿ ಮೆಟ್ಟಿಲ ಮೇಲೆ ಒಂದು ಬೆಕ್ಕು ಕುಳಿತಿತ್ತು. ಆ ಮಹಡಿಯಲ್ಲಿ ಒಂಟಿಯಾಗಿರುವ, ಕಟ್ಟಡದ ಸಮಸ್ತ ಸುದ್ದಿಯನ್ನೂ ಬಾಗಿಲ ಕಿಂಡಿಯಿಂದಲೇ ಸಂಗ್ರಹಿಸುವ ಅಮ್ಮನವರ ಬೆಕ್ಕು ಅದು. ಬೆಕ್ಕು ಒಮ್ಮೆ ಪುಸ್ ಎಂದಿತು. ಪುಟ್ಟಕ್ಕ ಪ್ರಾಣಭಯದಿಂದ ಮೇಣಪ್ಪನ ಬೆನ್ನ ಹಿಂದೆ ಅಡಗಲು ಓಡಿದಳು, ಹಗ್ಗ ಅವನ ಕಾಲುಗಳನ್ನು ಸುತ್ತಿತು, ಮೇಣಪ್ಪ ದಢಾರನೆ ಮೊಣಕಾಲ ಮೇಲೆ ಬಿದ್ದ. ಡಬ್ಬಿ ತೆರೆದುಕೊಂಡು ಹಲ್ಲುಗಳು ಮೆಟ್ಟಿಲಿಂದ ಮೆಟ್ಟಿಲಿಗೆ ಟಕಟಕನೆ ಇಳಿದವು.

ಮೂರನೇ ಮಹಡಿಯ ಅಮ್ಮ ಬಾಗಿಲು ತೆರೆದಾಗ ಕಂಡ ದೃಶ್ಯವಿದು: ಒಂದು ಪಿಟ್ ಬುಲ್, ಅದರ ಮುಂದೆ ನೆಲದ ಮೇಲೆ ಚೆಲ್ಲಾಡಿದ ಮನುಷ್ಯರ ಹಲ್ಲುಗಳು, ಅವನ್ನು ಒಂದೊಂದಾಗಿ ಆರಿಸಿ, ಊದಿ, ಜೇಬಿಗೆ ಹಾಕಿಕೊಳ್ಳುತ್ತಿರುವ ಒಬ್ಬ ಗಂಡಸು.

"ಏನಿಲ್ಲ ಅಮ್ಮಾ" ಎಂದು ಮೇಣಪ್ಪ ಸಂಕೋಚದಿಂದ ನಕ್ಕ. "ಇವತ್ತು ಕೆಲಸ ಸ್ವಲ್ಪ ಜಾಸ್ತಿ ಇತ್ತು. ಮಿಕ್ಕಿದ್ದನ್ನ ಮನೇಲಿ ಮುಗಿಸೋಣ ಅಂತ ತಂದೆ."

ಬಾಗಿಲು ಮುಚ್ಚಿಕೊಂಡಿತು. ಒಳಗಿನಿಂದ ಮೊದಲು ಚಿಲಕದ ಸದ್ದು, ಆಮೇಲೆ ಕುರ್ಚಿ ಎಳೆದು ಬಾಗಿಲಿಗೆ ಒತ್ತರಿಸಿದ ಸದ್ದು, ಕೊನೆಗೆ ಫೋನಿನ ಗುಂಡಿಗಳನ್ನು ಒತ್ತುವ ಸದ್ದು ಕೇಳಿಬಂತು.

ಮೇಣಪ್ಪನ ಉದ್ಯೋಗವೇನೆಂದು ಅದುವರೆಗೆ ಯಾರೂ ಕೇಳಿರಲಿಲ್ಲ. ಕೇಳುವಂಥ ಮುಖವಲ್ಲ ಅದು. ಈಗ ಎಲ್ಲರಿಗೂ ಉತ್ತರ ತಾನಾಗಿಯೇ ದೊರೆಯಿತು. ಯಾವುದೋ ಗ್ಯಾಂಗಿನಲ್ಲಿ ಜನರ ಹಲ್ಲು ಉದುರಿಸುವುದು ಅವನ ಕೆಲಸವಂತೆ. ಉದುರಿಸಿದ್ದಕ್ಕೆ ಸಾಕ್ಷಿಯಾಗಿ ಹಲ್ಲುಗಳನ್ನು ಯಜಮಾನನಿಗೆ ತೋರಿಸಬೇಕಂತೆ. ಹಲ್ಲು ಬಿಡದ ಮೊಂಡರ ಮೇಲೆ ನಾಯಿಯನ್ನು ಬಿಡುತ್ತಾನಂತೆ. ಕಾರ್ಯದರ್ಶಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. "ನೋಡೋಕೆ ಎಷ್ಟು ಸಾಧು, ಗಮನಿಸಿದ್ರಾ? ಅಷ್ಟು ಸಾಧು ಯಾರೂ ಇರೋದಿಲ್ಲ. ಅದು ಅಭ್ಯಾಸದಿಂದ ಬಂದಿದ್ದು."

ಇಲ್ಲಿ ಮೇಣಪ್ಪ ಒಂದು ತಪ್ಪು ಮಾಡಿದ. ಸುದ್ದಿ ಕಿವಿಗೆ ಬಿದ್ದಾಗ ಅದನ್ನು ಅಲ್ಲಗಳೆಯಲಿಲ್ಲ. ಬದಲಿಗೆ ಒಂದು ಕಪ್ಪು ಕನ್ನಡಕ ಕೊಂಡ. ನಡಿಗೆಯನ್ನು ನಿಧಾನ ಮಾಡಿದ. ತೋಳುಗಳನ್ನು ಮೈಯಿಂದ ದೂರ ಹಿಡಿದು, ಎದೆ ಸೆಟೆಸಿ, ಯಾರಾದರೂ ವಂದಿಸಿದರೆ ಗಲ್ಲವನ್ನು ಮಾತ್ರ ಎತ್ತತೊಡಗಿದ.

"ಏನ್ರೀ, ಯಾಕೆ ಹಿಂಗೆ ಕೈ ಅಗಲಿಸ್ಕೊಂಡು ನಡೀತೀರಾ?" ಎಂದಳು ಹೆಂಡತಿ. "ಕಂಕುಳಲ್ಲಿ ಕುರು ಎದ್ದಿದ್ಯಾ?"

"ಜನ ಮರ್ಯಾದೆ ಕೊಡ್ತಿದ್ದಾರೆ ಕಣೇ."

"ನಿಮಗಲ್ಲ, ಹಗ್ಗದ ಆ ಕಡೆ ಇರೋಳಿಗೆ. ಅವಳಿಗೆ ಅದು ಬೇಕಾಗಿಲ್ಲ. ಯಾರಾದ್ರೂ ಕತ್ತು ಕೆರೆದರೆ ಸಾಕು ಅಂತ ಕಾಯ್ತಿದ್ದಾಳೆ, ಒಬ್ಬರೂ ಹತ್ರ ಬರ್ತಿಲ್ಲ. ನಿಜ ಏನು ಅಂತ ಹೇಳಿಬಿಡಿ."

"ಹೇಳೋಣ. ಅವಸರ ಏನು?"

ಅವಸರವಿತ್ತು. ಮಾಲೀಕ ರೌಡಿ, ನಾಯಿ ಕೊಲೆಗಡುಕ ಎಂದು ನಿವಾಸಿಗಳೆಲ್ಲ ಸೇರಿ ನಗರಸಭೆಗೆ ದೂರು ಕೊಟ್ಟಾಗಿತ್ತು. ಪ್ರಾಣಿ ನಿಯಂತ್ರಣಾಧಿಕಾರಿ ಮೇಣಪ್ಪನ ಮೊಬೈಲಿಗೆ ಫೋನ್ ಮಾಡಿದಾಗ ಅವನು ಲ್ಯಾಬಿನಲ್ಲಿದ್ದ. ದುರದೃಷ್ಟಕ್ಕೆ ಆಗ ಮೇಣ ಹದವಾಗಿತ್ತು.

"ನಿಮ್ಮ ನಾಯಿ ಮೇಲೆ ದೂರು ಬಂದಿದೆ. ಭಾನುವಾರ ಬೆಳಿಗ್ಗೆ ಗಾಡಿ ತಗೊಂಡು ಬರ್ತೀವಿ. ನಾಯಿನ ಒಪ್ಪಿಸ್ತೀರಾ?" ಎಂದು ಹೆಣ್ಣುದನಿ ಕೇಳಿತು.

"ಹೂಂ" ಎಂದ ಮೇಣಪ್ಪ, ಒಂದು ದವಡೆಹಲ್ಲನ್ನು ನೆಟ್ಟಗೆ ನಿಲ್ಲಿಸುತ್ತ.

ಹಲ್ಲು ನಿಂತಿತು. ಫೋನು ನಿಂತಿತು. ತಾನು ಏನೆಂದೆ ಎಂಬುದು ಆಮೇಲೆ ಅವನಿಗೆ ಹೊಳೆಯಿತು. ಮರಳಿ ಫೋನ್ ಮಾಡಿದರೆ, ಒಯ್ದ ನಾಯಿಗಳನ್ನು ಕೆಲವು ವಾರ ಪಂಜರದಲ್ಲಿಟ್ಟು ಗಮನಿಸಲಾಗುವುದೆಂದು ಅಲ್ಲಿಯ ಗುಮಾಸ್ತ ತಿಳಿಸಿದ. "ಆಮೇಲೆ ವಾಪಸ್ ಕೊಡ್ತೀರಾ?" ಎಂದು ಕೇಳಿದಾಗ, "ಬೇರೆ ನಾಯಿಗಳನ್ನ ಕೊಡ್ತೀವಿ. ಈ ಮುಖದ ನಾಯಿಗಳು ವಾಪಸ್ ಹೋಗಿದ್ದು ನಾನಂತೂ ನೋಡಿಲ್ಲ" ಎಂದ.

ಆ ಸಂಜೆ ಮೇಣಪ್ಪ ಕಪ್ಪು ಕನ್ನಡಕವನ್ನು ಬೀರುವಿನೊಳಗೆ ಎಸೆದು, ನಿಜ ಹೇಳಲೆಂದು ನೇರವಾಗಿ ಕಾರ್ಯದರ್ಶಿಯ ಮನೆಗೆ ಹೋದ.

"ಸಾರ್, ನಾನು ರೌಡಿ ಅಲ್ಲ."

"ಛೆ ಛೆ, ಅಂತ ಯಾರು ಹೇಳಿದ್ರು ಸ್ವಾಮಿ?" ಕಾರ್ಯದರ್ಶಿ ಬಾಗಿಲ ಸಂದಿನಲ್ಲೇ ಕೈಮುಗಿದರು. "ಅವರ ಹೆಸರು ಮಾತ್ರ ನನಗೆ ಗೊತ್ತಿಲ್ಲ."

"ನಾನು ಹಲ್ಲಿನ ಸೆಟ್ಟು ಮಾಡೋನು. ಬೇಕಾದ್ರೆ ನಿಮಗೂ ಒಂದು ಮಾಡಿಕೊಡ್ತೀನಿ."

"ನನಗೆ ಬೇಡ! ನನ್ನವೆಲ್ಲ ಗಟ್ಟಿಯಾಗಿವೆ!"

"ಈಗ ಗಟ್ಟಿ ಇರ್ತಾವೆ ಸಾರ್" ಎಂದ ಮೇಣಪ್ಪ ಸಮಾಧಾನದ ದನಿಯಲ್ಲಿ. "ಇವತ್ತಲ್ಲ ನಾಳೆ ಎಲ್ಲರೂ ನನ್ನ ಹತ್ರ ಬರಲೇಬೇಕು."

ಕಾರ್ಯದರ್ಶಿಯ ಮುಖ ಬಿಳಿಚಿಕೊಂಡಿತು. ಅಂದಿನಿಂದ ಅವರು ತುಟಿ ಬಿಗಿಹಿಡಿದೇ ಮಾತಾಡತೊಡಗಿದರು. ದೂರಿನ ಜೊತೆಗೆ "ಮನೆಗೇ ಬಂದು ಬೆದರಿಕೆ" ಎಂಬುದೂ ಸೇರಿಕೊಂಡಿತು.

ಭಾನುವಾರ ಬೆಳಿಗ್ಗೆ ಪಂಜರದ ಗಾಡಿ ಬಂತು. ವಾಹನ ನಿಲ್ಲಿಸುವ ಕೆಳಗಿನ ಅಂಗಳದಲ್ಲಿ ನಿವಾಸಿಗಳು ಸೇರಿದ್ದರು. ಧೈರ್ಯಸ್ಥರು ಮುಂದೆ, ಅಂದರೆ ಕಾರುಗಳ ಒಳಗೆ ಗಾಜು ಏರಿಸಿಕೊಂಡು ಕುಳಿತಿದ್ದರು. ಉಳಿದವರು ಮೆಟ್ಟಿಲುಗಳ ಮೇಲಿದ್ದರು. ಅಧಿಕಾರಿ ನಡುವಯಸ್ಸಿನ ಹೆಂಗಸು. ಕೈಯಲ್ಲಿ ತುದಿಗೆ ಕುಣಿಕೆಯಿದ್ದ ಉದ್ದನೆಯ ಕೋಲು, ಮುಖದಲ್ಲಿ ರಜಾದಿನ ಹಾಳಾದವರ ಬೇಸರ. ಮೇಣಪ್ಪ ಒಂದು ಕೈಯಲ್ಲಿ ಪುಟ್ಟಕ್ಕನ ಹಗ್ಗ, ಇನ್ನೊಂದರಲ್ಲಿ ಹಲ್ಲಿನ ಡಬ್ಬಿ ಹಿಡಿದು ಬಂದ. ಹಿಂದೆಯೇ ಹೆಂಡತಿ ಒಂದು ಚೀಲ ಹಿಡಿದು ಬಂದಳು.

"ನೀವು ಫೋನಲ್ಲಿ ಒಪ್ಪಿಕೊಂಡಿದ್ದೀರಿ" ಎಂದರು ಅಧಿಕಾರಿ. "ಹತ್ತಿಸಿ."

"ಮೇಡಂ, ಮೊದಲು ಇದನ್ನ ನೋಡಿ" ಎಂದು ಮೇಣಪ್ಪ ಡಬ್ಬಿಯ ಮುಚ್ಚಳ ತೆಗೆದ. ಮೆಟ್ಟಿಲ ಮೇಲಿನವರೆಲ್ಲ ಒಂದೊಂದು ಮೆಟ್ಟಿಲು ಮೇಲೇರಿದರು.

ಅಧಿಕಾರಿ ಇಣುಕಿ ನೋಡಿದರು. "ಕಟ್ಟುಹಲ್ಲು. ನಮ್ಮಪ್ಪನಿಗೂ ಇದೆ. ಇದಕ್ಕೇನೀಗ?"

"ಇದೇ ನನ್ನ ಕೆಲಸ. ನಾನು ಯಾರ ಹಲ್ಲೂ ಉದುರಿಸಿಲ್ಲ ಮೇಡಂ. ಉದುರಿದವರಿಗೆ ಮಾಡಿಕೊಡ್ತೀನಿ, ಅಷ್ಟೆ."

 ಅಂಗಳದಲ್ಲಿದ್ದವರ ಮುಖದಲ್ಲಿ ನೆಮ್ಮದಿಯ ಬದಲು ಮೋಸಹೋದವರ ಕಳೆ ಮೂಡಿತು. ಮೊದಲು ಮಾತು ಬಂದದ್ದು ಕಾರ್ಯದರ್ಶಿಗೆ. "ಅಂದ್ರೆ ಇಷ್ಟು ದಿನ ನಾನು ಸ್ಕೂಟರ್ ತಳ್ಳಿದ್ದು ಸುಮ್ಮಸುಮ್ಮನೆನಾ?"

"ನನ್ನ ಬೆಕ್ಕನ್ನ ಒಳಗೇ ಕೂಡಿಹಾಕಿದ್ದೆನಲ್ಲೋ, ಪಾಪಿ" ಎಂದರು ಮೂರನೇ ಮಹಡಿಯ ಅಮ್ಮ.

"ಹಾಗಾದ್ರೆ ದೂರು ವಾಪಸ್ ತಗೋತೀರಾ?" ಎಂದು ಅಧಿಕಾರಿ ಕೇಳಿದರು.

"ಅದು ಹೆಂಗಾಗುತ್ತೆ ಮೇಡಂ?" ಕಾರ್ಯದರ್ಶಿ ಈಗ ಪೂರ್ಣ ಬಾಯಿ ತೆರೆದು ಮಾತಾಡಿದರು. "ರೌಡಿ ಆಗಿದ್ರೆ ನಾಯಿ ಅವನ ಮಾತಾದ್ರೂ ಕೇಳ್ತಿತ್ತು. ಇವನು ನೋಡಿದ್ರೆ ಹಲ್ಲು ಕೂರಿಸೋನು. ಇಂಥ ಮೆತ್ತನೆಯವನ ಕೈಲಿ ಅಂಥ ನಾಯಿ ಇರೋದು ಇನ್ನೂ ಅಪಾಯ!"

ಈ ತರ್ಕವನ್ನು ಸಾವಧಾನವಾಗಿ ಪರಿಶೀಲಿಸುವುದು ಯೋಗ್ಯ. ಮಾಲೀಕ ರೌಡಿಯಾದ್ದರಿಂದ ನಾಯಿ ಅಪಾಯಕಾರಿ ಎಂಬುದು ಶನಿವಾರದ ನಿರ್ಣಯ. ಮಾಲೀಕ ರೌಡಿಯಲ್ಲವಾದ್ದರಿಂದ ನಾಯಿ ಅಪಾಯಕಾರಿ ಎಂಬುದು ಭಾನುವಾರದ ನಿರ್ಣಯ. ಫಲಿತಾಂಶವನ್ನು ಮೊದಲೇ ಬರೆದಿಟ್ಟುಕೊಂಡು ಪ್ರಯೋಗಕ್ಕೆ ಇಳಿಯುವವರಿಗೆ ಇದೊಂದು ದೊಡ್ಡ ಅನುಕೂಲ. ಪ್ರಯೋಗ ಹೇಗೆ ಕೆಟ್ಟರೂ ಉತ್ತರ ಕೆಡುವುದಿಲ್ಲ.

ಆದರೆ ಕಾರ್ಯದರ್ಶಿ ಕಟುಕರಲ್ಲ. ಸ್ವಲ್ಪ ಯೋಚಿಸಿ, ಉದಾರವಾದ ಒಂದು ರಾಜಿಸೂತ್ರವನ್ನು ಮುಂದಿಟ್ಟರು. "ನಾಯಿ ಇಲ್ಲೇ ಇರಲಿ. ಅದರ ಹಲ್ಲುಗಳನ್ನ ಮಾತ್ರ ಕೀಳಿಸಿಬಿಡಲಿ. ಹೆಂಗೂ ಹಲ್ಲು ಕಟ್ಟೋದೇ ಇವನ ಕಸುಬು ತಾನೆ? ಊಟಕ್ಕೆ ಅಂತ ಒಂದು ಸೆಟ್ಟು ಮಾಡಿಕೊಡಲಿ. ಊಟ ಆದ ಮೇಲೆ ತೊಳೆದು ಲೋಟದಲ್ಲಿ ಇಟ್ಟುಕೊಳ್ಳಲಿ."

ಕಾರುಗಳ ಒಳಗಿನಿಂದ ಸಮ್ಮತಿಯ ಹಾರನ್ನುಗಳು ಕೇಳಿಬಂದವು. ಅಧಿಕಾರಿ ಕೂಡ ಗಡಿಯಾರ ನೋಡಿಕೊಂಡು, "ಹಂಗೆ ಮಾಡಿದ್ರೆ ನಾನು ಒಯ್ಯೋ ಅಗತ್ಯ ಇಲ್ಲ. ಒಪ್ತೀರಾ?" ಎಂದರು.

ಎಲ್ಲರೂ ಮೇಣಪ್ಪನ ಬಾಯಿಯನ್ನೇ ನೋಡಿದರು. ಅಲ್ಲಿಂದ ಏನು ಬರುವುದೆಂದು ಎಲ್ಲರಿಗೂ ಗೊತ್ತಿತ್ತು. ಹೆಂಡತಿ ಕಣ್ಣು ಮುಚ್ಚಿಕೊಂಡಳು. ಪುಟ್ಟಕ್ಕ ತನ್ನ ಹಲ್ಲುಗಳ ಹರಾಜು ನಡೆಯುತ್ತಿರುವುದನ್ನು ಅರಿಯದೆ, ಅಧಿಕಾರಿಯ ಬೂಟಿನ ಮೇಲೆ ತಲೆಯಿಡಲು ಸ್ವಲ್ಪಸ್ವಲ್ಪವೇ ಸರಿಯುತ್ತಿದ್ದಳು.

"ಇಲ್ಲ" ಎಂದ ಮೇಣಪ್ಪ.

ಹೆಂಡತಿ ಕಣ್ಣು ತೆರೆದಳು.

"ಏನಂದೆ?" ಎಂದರು ಕಾರ್ಯದರ್ಶಿ.

"ಇಲ್ಲ. ಆಗೋದಿಲ್ಲ. ನೆಟ್ಟಗಿರೋ ಒಂದು ಹಲ್ಲಿಗೆ ಎಷ್ಟು ಬೆಲೆ ಅಂತ ನನಗೆ ಗೊತ್ತು ಸಾರ್. ಕಳ್ಕೊಂಡವರ ಬಾಯಿ ಅಚ್ಚು ದಿನಾ ನೋಡ್ತೀನಿ. ಇವಳು ಯಾರನ್ನ ಕಚ್ಚಿದ್ದಾಳೆ? ಹೇಳಿ. ಯಾರನ್ನ?" ಅವನು ಡಬ್ಬಿಯನ್ನು ಕೆಳಗಿಟ್ಟ. "ಲ್ಯಾಬಿಗೆ ಸೇರೋ ಮುಂಚೆ ನಾನು ಡಾಕ್ಟರ್ ಒಬ್ಬರ ಹತ್ರ ಅಚ್ಚು ತೆಗೆಯೋ ಕೆಲಸ ಮಾಡ್ತಿದ್ದೆ. ಬಾಯಿ ತುಂಬ ತಣ್ಣನೆ ಪೇಸ್ಟು ತುಂಬಿ ಅಲ್ಲಾಡದೆ ಕೂತ್ಕೊಳ್ಳಿ ಅಂದ್ರೆ ಎಂಥವರೂ ಸಿಟ್ಟಿಗೇಳ್ತಾರೆ. ಒಬ್ಬರು ಮೇಷ್ಟ್ರು ನನ್ನ ಬೆರಳು ಕಚ್ಚಿದ್ರು. ಬ್ಯಾಂಕ್ ಮ್ಯಾನೇಜರ್ ಕಚ್ಚಿದ್ರು. ಒಬ್ಬರು ನಿವೃತ್ತ ನ್ಯಾಯಾಧೀಶರು ಎರಡು ಸಲ ಕಚ್ಚಿದ್ರು. ಅವರ್ಯಾರ ಹಲ್ಲನ್ನೂ ಕೀಳಿಸಿ ಅಂತ ಯಾರೂ ಅನ್ನಲಿಲ್ಲ. ಈಗ ಇವಳ ಅಚ್ಚು ತೆಗೀತೀನಿ. ನಿಮ್ಮೆಲ್ಲರ ಮುಂದೆ. ಕಚ್ಚಿದ್ರೆ ನಾನೇ ಗಾಡಿ ಹತ್ತಿಸ್ತೀನಿ."

ಅಧಿಕಾರಿ ಕೋಲನ್ನು ಗೋಡೆಗೆ ಒರಗಿಸಿದರು. ಅವರ ಭಾನುವಾರ ಮೊದಲ ಬಾರಿಗೆ ಸ್ವಲ್ಪ ಚೇತರಿಸಿಕೊಂಡಂತಿತ್ತು. "ನಮ್ಮ ಪಂಜರದಲ್ಲಿ ಮಾಡೋ ಪರೀಕ್ಷೆ ಇದಕ್ಕಿಂತ ಸುಲಭದ್ದು. ಮಾಡಿ, ನೋಡೋಣ."

ಹೆಂಡತಿ ಚೀಲದಿಂದ ಗುಲಾಬಿ ಬಣ್ಣದ ಅಚ್ಚಿನ ಪುಡಿ, ರಬ್ಬರಿನ ಬಟ್ಟಲು, ಹಿಡಿಕೆಯಿದ್ದ ಉಕ್ಕಿನ ತಟ್ಟೆ, ನೀರಿನ ಫ್ಲಾಸ್ಕು ತೆಗೆದುಕೊಟ್ಟಳು. ಎಲ್ಲವನ್ನೂ ಹಿಂದಿನ ದಿನವೇ ಯೋಚಿಸಿ, ನಾಯಿಯ ಮೂತಿಗೆ ಹೊಂದುವಂತೆ ತಟ್ಟೆಯನ್ನು ಬಗ್ಗಿಸಿ, ಸಜ್ಜು ಮಾಡಿದ್ದ ಮೇಣಪ್ಪ ಒಂದೇ ಒಂದು ವಿಷಯದಲ್ಲಿ ಎಡವಿದ. ಆ ಪುಡಿಗೆ ತಣ್ಣೀರು ಬೆರೆಸಬೇಕು. ತಳಮಳದಲ್ಲಿ ಅವನು ಫ್ಲಾಸ್ಕಿಗೆ ತುಂಬಿದ್ದು ಬಿಸಿನೀರು. ಬಿಸಿ ತಗುಲಿದರೆ ಪೇಸ್ಟು ನೋಡನೋಡುತ್ತಲೇ ಗಟ್ಟಿಯಾಗುತ್ತದೆ.

ಅವನು ಕಲಸಿದ, ತಟ್ಟೆಗೆ ತುಂಬಿದ, "ಪುಟ್ಟಕ್ಕಾ, ಆ ಅನ್ನಮ್ಮಾ" ಎಂದ. ಪುಟ್ಟಕ್ಕ ಆ ಎಂದಳು. ಯಾರಾದರೂ ತನ್ನ ಮುಖ ಮುಟ್ಟಲೆಂದು ಎಷ್ಟೋ ದಿನಗಳಿಂದ ಕಾದಿದ್ದ ಪ್ರಾಣಿ ಅದು. ತಟ್ಟೆ ಮೇಲ್ದವಡೆಗೆ ಒತ್ತಿಕೊಂಡಿತು. ಕಾರಿನ ಗಾಜುಗಳು ಮೆಲ್ಲಗೆ ಕೆಳಗಿಳಿದವು. ಪುಟ್ಟಕ್ಕ ಬಾಯಿಂದ ಹಿಡಿಕೆಯೊಂದು ಹೊರಚಾಚಿಕೊಂಡಿದ್ದರೂ ಬಾಲದಿಂದ ನೆಲ ಗುಡಿಸುತ್ತ ಕುಳಿತಿದ್ದಳು.

"ಆಯ್ತು, ಈಗ ತೆಗೀತೀನಿ" ಎಂದು ಮೇಣಪ್ಪ ಹಿಡಿಕೆ ಎಳೆದ.

ತಟ್ಟೆ ಬರಲಿಲ್ಲ.

ಇನ್ನೊಮ್ಮೆ ಎಳೆದ. ತಟ್ಟೆಯ ಜೊತೆ ನಾಯಿಯೇ ಬಂತು.  ಮೇಣಪ್ಪ ಫ್ಲಾಸ್ಕಿನ ನೀರಿಗೆ ಬೆರಳದ್ದಿ ನೋಡಿದ: ಬಿಸಿ. 

"ಅಂಟಿಕೊಂಡುಬಿಡ್ತು" ಎಂದ ಮೆಲ್ಲಗೆ.

"ಅಂಟಿಕೊಳ್ತಾ?" ಕಾರ್ಯದರ್ಶಿ ತಮಗರಿವಿಲ್ಲದೆ ಮೆಟ್ಟಿಲಿಳಿದು ಬಂದರು. "ಹಂಗೆಲ್ಲ ನೇರವಾಗಿ ಎಳೀತಾರೇನಯ್ಯಾ? ಸ್ವಲ್ಪ ಓರೆ ಮಾಡು!"

"ಓರೆ ಮಾಡಿದ್ರೆ ಹಲ್ಲಿಗೆ ಪೆಟ್ಟಾಗುತ್ತೆ ಸಾರ್. ತುಟಿ ಎತ್ತಿ ಒಳಗೆ ಗಾಳಿ ಬಿಡಬೇಕು, ತಣ್ಣೀರು ಬಿಡಬೇಕು. ನನಗಿರೋದು ಎರಡೇ ಕೈ."

"ನೀರು ನಾನು ತರ್ತೀನಿ" ಎಂದು ಮೂರನೇ ಮಹಡಿಯ ಅಮ್ಮ ಓಡಿದರು. ಅವರು ಓಡುವುದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ.

"ತಲೆ ನಾನು ಹಿಡ್ಕೋತೀನಿ" ಎಂದು ಅಧಿಕಾರಿ ಮಂಡಿಯೂರಿ ಕುಳಿತರು. "ತುಟಿ ಎತ್ತೋರು ಯಾರು?"

ಅಂಗಳದ ಕಣ್ಣುಗಳೆಲ್ಲ ಕಾರ್ಯದರ್ಶಿಯ ಕಡೆ ತಿರುಗಿದವು. ಪುಟ್ಟಕ್ಕನೂ ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು, ಬಾಯಂಚಿನಿಂದ ಗುಲಾಬಿ ಬಣ್ಣದ ನೊರೆ ಇಳಿಯುತ್ತಿತ್ತು. ಆದರೂ ಬಾಲ ನಿಂತಿರಲಿಲ್ಲ, ನಿಧಾನವಾಗಿತ್ತು ಅಷ್ಟೆ.

"ಎಂಥಾ ಕಷ್ಟ ಕೊಟ್ಟುಬಿಟ್ಯಯ್ಯಾ ಈ ಬಡಪ್ರಾಣಿಗೆ!" ಎಂದು ಕಾರ್ಯದರ್ಶಿ ಮೇಣಪ್ಪನ ಮೇಲೆ ರೇಗುತ್ತಲೇ, ಅದೇ ರೇಗಿನಲ್ಲಿ ಕೈ ಮುಂದೆ ಮಾಡಿ ಪುಟ್ಟಕ್ಕನ ಮೇಲ್ದುಟಿಯನ್ನು ಎರಡೂ ಬದಿಯಿಂದ ಎತ್ತಿದರು. ಅವರ ಹೆಬ್ಬೆರಳುಗಳಿಗೆ ತಾಗಿದಂತೆ, ಅವರು ಕೀಳಿಸಬೇಕೆಂದಿದ್ದ ಕೋರೆಹಲ್ಲುಗಳು ಹೊಳೆದವು. "ಅಮ್ಮಾ, ನೀರು ಸುರೀರಿ! ಇಲ್ಲಿ, ಈ ಸಂದಿಗೆ! ನನ್ನ ತೋಳಿಗಲ್ಲ!"

"ಸುಮ್ನಿರಿ, ನೀವು ಸರಿಯಾಗಿ ಎತ್ತಿ. ಮಗಳೇ, ಸ್ವಲ್ಪ ತಡ್ಕೋ, ಆಯ್ತು ಆಯ್ತು" ಎಂದು ಅಮ್ಮ ಒಂದು ಕೈಯಲ್ಲಿ ನೀರು ಬಿಡುತ್ತ ಇನ್ನೊಂದರಲ್ಲಿ ಅವಳ ಕಿವಿ ನೀವಿದರು.

"ಒಂದೇ ಸಲ ಎಳೀರಿ!" ಎಂದಳು ಹೆಂಡತಿ, ಬಸ್ ನಿಲ್ದಾಣದ ದನಿಯಲ್ಲಿ.

ಮೇಣಪ್ಪ ಎಳೆದ. ಬೂಚು ಕಿತ್ತಂತೆ ಪೊಳಕ್ಕನೆ ಸದ್ದಾಯಿತು. ಮೇಣಪ್ಪ ತಟ್ಟೆಯ ಸಮೇತ ಹಿಂದಕ್ಕೆ ಉರುಳಿದ. ಪುಟ್ಟಕ್ಕ ಒಮ್ಮೆ ಸೀನಿದಳು. ಆ ಸೀನಿಗೆ ಅಧಿಕಾರಿಯ ಸಮವಸ್ತ್ರದ ಮೇಲೆ ಗುಲಾಬಿ ಹೂಗಳು ಅರಳಿದವು. ಅನಂತರ ಅವಳು, ಎದುರಿಗೆ ಬಹಳ ಹತ್ತಿರದಲ್ಲಿದ್ದ ಕಾರ್ಯದರ್ಶಿಯ ಮುಖವನ್ನು ಗಲ್ಲದಿಂದ ಹಣೆಯವರೆಗೆ ಒಂದೇ ಎಳೆತದಲ್ಲಿ ನೆಕ್ಕಿದಳು.

ಅಧಿಕಾರಿ ಎದ್ದು ಮಂಡಿ ಒರೆಸಿಕೊಂಡರು. "ನಾಯಿ ವಿಷಯ ಮುಗೀತು. ಇಷ್ಟು ಮಾಡಿಸ್ಕೊಂಡು ಸುಮ್ನಿರೋ ಮನುಷ್ಯರನ್ನೂ ನಾನು ನೋಡಿಲ್ಲ. ಮಾಲೀಕರ ಬಗ್ಗೆನೂ ದೂರು ಇದೆಯಲ್ಲ, ಅವರು ಅಪಾಯಕಾರಿಯಾ?"

ನಿವಾಸಿಗಳು ನೆಲದ ಮೇಲೆ ಅಂಗಾತ ಬಿದ್ದಿದ್ದ ಮೇಣಪ್ಪನನ್ನು ನೋಡಿದರು. 

"ಹೌದು" ಎಂದಳು ಹೆಂಡತಿ. "ಇವಳ ತಂಟೆಗೆ ಬಂದ್ರೆ."

ಪಂಜರದ ಗಾಡಿ ಖಾಲಿಯಾಗಿ ಹೊರಟುಹೋಯಿತು. ಕಾರ್ಯದರ್ಶಿ ಮುಖ ಒರೆಸಿಕೊಂಡು, ಸಂಘದ ಘನತೆಯನ್ನು ಸ್ವಲ್ಪವಾದರೂ ಉಳಿಸಿಕೊಳ್ಳಬೇಕಲ್ಲ ಎಂದು ಗಂಟಲು ಸರಿಮಾಡಿಕೊಂಡರು. "ಸರಿ, ಎಲ್ಲ ಹಲ್ಲು ಬೇಡ. ಮುಂದಿನ ಎರಡು ಕೋರೆ ಮಾತ್ರ..."

"ಇಲ್ಲ" ಎಂದ ಮೇಣಪ್ಪ, ಮಲಗಿದ್ದಲ್ಲಿಂದಲೇ.

"ಒಂದು?"

"ಇಲ್ಲ."

"ತುದಿ ಸ್ವಲ್ಪ ಉಜ್ಜಿ..."

"ಇಲ್ಲ ಅಂದೆನಲ್ಲ ಸಾರ್."

ಈ ಮಾತುಕತೆಯಿಂದ ಬೇಸತ್ತ ಪುಟ್ಟಕ್ಕ ಬಾಯಿಯನ್ನು ಸಾಧ್ಯವಾದಷ್ಟೂ ಅಗಲಿಸಿ ಒಂದು ದೀರ್ಘವಾದ ಆಕಳಿಕೆ ತೆಗೆದಳು. ಚರ್ಚೆಗೊಳಗಾಗಿದ್ದ ಹಲ್ಲುಗಳೆಲ್ಲವೂ, ಕೋರೆಯಿಂದ ಕೊನೆಯ ದವಡೆಯವರೆಗೆ, ಬೆಳಗಿನ ಬಿಸಿಲಿನಲ್ಲಿ ಇಡೀ ಅಂಗಳಕ್ಕೆ ಕಾಣಿಸಿದವು.

"ತಡಿಯೇ, ಮುಚ್ಚಬೇಡ" ಎಂದರು ಮೂರನೇ ಮಹಡಿಯ ಅಮ್ಮ. "ಒಳಗಡೆ ಇನ್ನೂ ಒಂದು ಚೂರು ಪೇಸ್ಟು ಉಳಿದಿದೆ." ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಬಗ್ಗಿ, ಬೆರಳನ್ನು ಗೆಣ್ಣಿನವರೆಗೂ ಒಳಗೆ ಹಾಕಿ, ಆರಾಮಾಗಿ ಹುಡುಕತೊಡಗಿದರು.